ದಾಟುವವರಿಗೆ ಕೊಡುವ ಕಾಲ

ಬೆಂಗಳೂರಿನ ದಕ್ಷಿಣ ಭಾಗದ ಹಳೆಯ ಬಡಾವಣೆಯೊಂದರಲ್ಲಿ ವಾಸವಾಗಿರುವ ಆ ನಿವೃತ್ತ ಉಪಾಧ್ಯಾಯರಿಗೆ ಈಗ 76 ವರ್ಷ. ಪ್ರೌಢಶಾಲೆಯಲ್ಲಿ 34 ವರ್ಷಗಳ ಕಾಲ ಗಣಿತವನ್ನು ಬೋಧಿಸಿದ ಅವರನ್ನು ನೆರೆಹೊರೆಯವರೆಲ್ಲ ಇಂದಿಗೂ ‘ಗಣಿತದ ಮೇಷ್ಟ್ರು’ ಎಂದೇ ಕರೆಯುತ್ತಾರೆ. ನಿವೃತ್ತರಾದ ಮರುದಿನದಿಂದಲೇ ಅವರು ಒಂದು ನಿಯಮವನ್ನು ಪಾಲಿಸಿಕೊಂಡು ಬಂದಿದ್ದರು. ಬೆಳಿಗ್ಗೆ ಸ್ನಾನ ಮುಗಿಸಿ, ಬಿಳಿಯ ಪಂಚೆಯುಟ್ಟು, ಅಕ್ಷತೆಯ ಪುಟ್ಟ ಡಬ್ಬಿಯನ್ನು ಕೈಯಲ್ಲಿ ಹಿಡಿದು ಅರ್ಧ ಮೈಲಿ ದೂರದ ಬಸದಿಗೆ ನಡೆದುಹೋಗುವುದು. ದರ್ಶನವಾದ ಬಳಿಕ ಜಗಲಿಯಲ್ಲಿ ಕುಳಿತು ಸಮವಯಸ್ಕರೊಡನೆ ನಾಲ್ಕು ಮಾತನಾಡುವುದು. ಬಿಸಿಲೇರುವ ಮುನ್ನ ಮನೆಗೆ ಮರಳುವುದು. ಮಳೆಯಿರಲಿ ಚಳಿಯಿರಲಿ, ಈ ಕ್ರಮ ತಪ್ಪಿದ್ದು ಅಪರೂಪ. ಮನೆಗೂ ಬಸದಿಗೂ ನಡುವೆ ದಾಟಬೇಕಾದ ದೊಡ್ಡ ರಸ್ತೆ ಒಂದೇ ಒಂದು.

ಎರಡು ವರ್ಷಗಳ ಹಿಂದೆ ಒಂದು ದಿನ, ಪಾದಚಾರಿಗಳ ಹಸಿರು ದೀಪ ಹತ್ತಿದೊಡನೆ ಅವರು ಎಂದಿನಂತೆ ರಸ್ತೆಗಿಳಿದರು. ಅಲ್ಲಿ ದಾಟುವುದಕ್ಕೆ ನಿಗದಿಯಾದ ಕಾಲ 15 ಸೆಕೆಂಡು. ಕಂಬದ ಮೇಲಿನ ಅಂಕಿಗಳು ಒಂದೊಂದಾಗಿ ಇಳಿಯುತ್ತ ಬಂದವು. ಮೇಷ್ಟ್ರು ರಸ್ತೆಯ ಮೂರರಲ್ಲಿ ಎರಡು ಪಾಲನ್ನು ದಾಟುವಷ್ಟರಲ್ಲಿ ಅಂಕಿ ಸೊನ್ನೆಗೆ ಬಂದು ನಿಂತಿತು. ಕಾದು ನಿಂತಿದ್ದ ವಾಹನಗಳೆಲ್ಲ ಒಮ್ಮೆಗೇ ಹೊರಟವು. ಒಂದು ಮೋಟಾರು ಸೈಕಲ್ಲಿನ ಹಿಡಿ ಅವರ ತೋಳಿಗೆ ತಗುಲಿತು. ಅವರು ಬಿದ್ದು ಮೊಣಕಾಲನ್ನು ತರಚಿಕೊಂಡರು. ಡಬ್ಬಿಯ ಅಕ್ಷತೆಯೆಲ್ಲ ರಸ್ತೆಯ ಮೇಲೆ ಚೆಲ್ಲಿಹೋಯಿತು. ಹೂ ಮಾರುವ ಹೆಂಗಸೊಬ್ಬರು ಓಡಿಬಂದು ಕೈಹಿಡಿದು ಎಬ್ಬಿಸಿ ಆಚೆಯ ದಡ ಸೇರಿಸಿದರು.

ಗಾಯ ಒಂದು ವಾರದಲ್ಲಿ ಮಾಯಿತು. ಆದರೆ ಅಂದು ಸಂಜೆ ಮಗನು ಆಡಿದ ಮಾತು ಹಾಗೆಯೇ ಉಳಿಯಿತು. “ಅಪ್ಪ, ಇನ್ನು ಮುಂದೆ ನೀವೊಬ್ಬರೇ ಹೋಗುವುದು ಬೇಡ. ಭಾನುವಾರ ನಾನೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ.” ಅದು ಪ್ರೀತಿಯಿಂದ ಆಡಿದ ಮಾತು, ಅದರಲ್ಲಿ ದೋಷವೆಣಿಸುವಂಥದ್ದೇನೂ ಇರಲಿಲ್ಲ. ಆದರೂ ಅಂದಿನಿಂದ ಮೇಷ್ಟ್ರ ಲೋಕವು ಮನೆಯ ಕಾಂಪೌಂಡಿನಷ್ಟಕ್ಕೆ ಕುಗ್ಗಿತು. ನಿತ್ಯದ ದರ್ಶನ ವಾರಕ್ಕೊಮ್ಮೆಯಾಯಿತು. ಮಗನಿಗೆ ಕೆಲಸವಿದ್ದ ಭಾನುವಾರಗಳಲ್ಲಿ ಅದೂ ಇಲ್ಲವಾಯಿತು. ಜಗಲಿಯ ಗೆಳೆಯರಲ್ಲಿ ಒಬ್ಬರು ತೀರಿಕೊಂಡ ಸುದ್ದಿ ಅವರಿಗೆ ತಿಳಿದದ್ದು ಹನ್ನೊಂದು ದಿನ ಕಳೆದ ಮೇಲೆ. ಅಂದು ಅವರು ಊಟ ಮಾಡಲಿಲ್ಲ. ಯಾರೊಡನೆಯೂ ಮಾತನಾಡಲೂ ಇಲ್ಲ.

ಮರುದಿನ ಅವರು ಮೊಮ್ಮಗಳನ್ನು ಕರೆದು ಅಳತೆಯ ಟೇಪನ್ನು ತರಿಸಿದರು. ಮಹಡಿಯ ಮೇಲೆ 8 ಮೀಟರ್ ಅಳೆದು ಸೀಮೆಸುಣ್ಣದಿಂದ ಎರಡು ಗೆರೆಗಳನ್ನು ಎಳೆದರು. ಮೊಮ್ಮಗಳು ಮೊಬೈಲಿನಲ್ಲಿ ಕಾಲವನ್ನು ಎಣಿಸಿದಳು. ಒಂದು ಗೆರೆಯಿಂದ ಇನ್ನೊಂದಕ್ಕೆ ತಲುಪಲು ತಾತನಿಗೆ ಹಿಡಿದದ್ದು 10 ಸೆಕೆಂಡು. ಮೂರು ಸಲ ನಡೆದರೂ ಉತ್ತರ ಅದೇ ಬಂದಿತು. ಎಂದರೆ ಸೆಕೆಂಡಿಗೆ 0.8 ಮೀಟರ್. ಆ ರಸ್ತೆಯ ಅಗಲ 18 ಮೀಟರ್. ಅದನ್ನು ದಾಟಲು ಅವರಿಗೆ 22.5 ಸೆಕೆಂಡು ಬೇಕು, ಸಿಗುತ್ತಿದ್ದದ್ದು 15. “ನೋಡು ಮಗು, ನಿನ್ನ ತಾತನ ತಪ್ಪು ಇಷ್ಟೇ, ಏಳೂವರೆ ಸೆಕೆಂಡು,” ಎಂದು ಅವರು ನಕ್ಕರು. ಮೊಮ್ಮಗಳು ನಗಲಿಲ್ಲ.

ಈ 15 ಸೆಕೆಂಡು ಎಲ್ಲಿಂದ ಬಂದಿತೆಂಬುದು ವಿಚಾರಿಸತಕ್ಕ ಸಂಗತಿ. ಸೆಕೆಂಡಿಗೆ 1.2 ಮೀಟರ್ ವೇಗದಲ್ಲಿ ಮನುಷ್ಯನು ನಡೆಯುತ್ತಾನೆಂಬ ಲೆಕ್ಕವನ್ನು ಹಲವು ದೇಶಗಳ ರಸ್ತೆ ಎಂಜಿನಿಯರುಗಳು ದೀರ್ಘಕಾಲದಿಂದ ಬಳಸುತ್ತ ಬಂದಿದ್ದಾರೆ. 18ನ್ನು 1.2ರಿಂದ ಭಾಗಿಸಿದರೆ 15 ಬರುತ್ತದೆ. ಆರೋಗ್ಯವಂತನಾದ ಯುವಕನ ಮಟ್ಟಿಗೆ ಈ ಲೆಕ್ಕ ಸರಿಯೇ. ಆದರೆ ಇಂಗ್ಲೆಂಡಿನಲ್ಲಿ 65 ವರ್ಷ ಮೀರಿದವರ ನಡಿಗೆಯನ್ನು ಅಳೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಂಡುಬಂದದ್ದು ಬೇರೆ. ಅಲ್ಲಿನ ಹಿರಿಯ ಪುರುಷರ ಸರಾಸರಿ ವೇಗ ಸೆಕೆಂಡಿಗೆ 0.9 ಮೀಟರ್, ಸ್ತ್ರೀಯರದು 0.8 ಮೀಟರ್. ಪುರುಷರಲ್ಲಿ ನೂರಕ್ಕೆ 84 ಮಂದಿ, ಸ್ತ್ರೀಯರಲ್ಲಿ ನೂರಕ್ಕೆ 94 ಮಂದಿ ಆ 1.2 ಮೀಟರ್ ವೇಗವನ್ನು ಮುಟ್ಟಲಾರದವರಾಗಿದ್ದರು. ಅಮೆರಿಕದ ಸಂಚಾರ ಕೈಪಿಡಿಯು 2009ರಲ್ಲಿ ತನ್ನ ಲೆಕ್ಕವನ್ನು ಸೆಕೆಂಡಿಗೆ 4 ಅಡಿಯಿಂದ 3.5 ಅಡಿಗೆ ಇಳಿಸಿತು. ವಿಶ್ವ ಆರೋಗ್ಯ ಸಂಸ್ಥೆಯು ದೆಹಲಿ ಮತ್ತು ಉದಯಪುರಗಳೂ ಸೇರಿದಂತೆ 33 ನಗರಗಳ ಹಿರಿಯರನ್ನು ವಿಚಾರಿಸಿ 2007ರಲ್ಲಿ ಹೊರತಂದ ಮಾರ್ಗದರ್ಶಿಯಲ್ಲಿಯೂ ರಸ್ತೆ ದಾಟಲು ಸಾಕಷ್ಟು ಕಾಲ ಕೊಡಬೇಕೆಂಬ ಮಾತಿದೆ. ಮೇಷ್ಟ್ರು ರಸ್ತೆಯ ನಡುವೆ ಸಿಕ್ಕಿಕೊಂಡದ್ದಕ್ಕೆ ಅವರ ಕಾಲಿನ ದೌರ್ಬಲ್ಯದಷ್ಟೇ ಆ ಲೆಕ್ಕವೂ ಕಾರಣವಾಗಿತ್ತು. ಆ ಲೆಕ್ಕದಲ್ಲಿ ಅವರಂಥವರನ್ನು ಸೇರಿಸಿರಲೇ ಇಲ್ಲ.

ಅದೇ ವರ್ಷದ ಕೊನೆಯಲ್ಲಿ ಅವರು ಸಿಂಗಪುರದಲ್ಲಿರುವ ಮಗಳ ಮನೆಗೆ ಹೋದರು. ಮಗಳ ಮನೆಯ ಸಮೀಪದಲ್ಲಿ ಒಂದು ಉದ್ಯಾನ, ಉದ್ಯಾನಕ್ಕೂ ಮನೆಗೂ ನಡುವೆ ಅಗಲವಾದ ರಸ್ತೆ. ಮೊದಲ ದಿನ ಮೇಷ್ಟ್ರು ಮಗಳ ಕೈಹಿಡಿದೇ ದಾಟಿದರು. ಎರಡನೆಯ ದಿನ, ತಮ್ಮಷ್ಟೇ ವಯಸ್ಸಿನ ಚೀನೀ ವೃದ್ಧೆಯೊಬ್ಬರು ಸಿಗ್ನಲ್ ಕಂಬದ ಬಳಿಗೆ ಬಂದು, ಕೈಚೀಲದಿಂದ ಒಂದು ಕಾರ್ಡನ್ನು ತೆಗೆದು, ಗುಂಡಿಯ ಮೇಲ್ಭಾಗದಲ್ಲಿದ್ದ ಪುಟ್ಟ ಪೆಟ್ಟಿಗೆಗೆ ತಾಗಿಸಿದ್ದನ್ನು ಅವರು ಕಂಡರು. ಸ್ವಲ್ಪ ಹೊತ್ತಿನಲ್ಲಿ ಹಸಿರು ಮನುಷ್ಯನ ಚಿತ್ರ ಬೆಳಗಿತು. ವೃದ್ಧೆ ನಿಧಾನವಾಗಿ ಹೊರಟರು. ಅವರ ಹಿಂದೆಯೇ ಮೇಷ್ಟ್ರೂ ಹೊರಟರು. ದೀಪ ಹಸಿರಾಗಿಯೇ ಉಳಿಯಿತು. ಇಬ್ಬರೂ ಆಚೆಯ ದಡ ಮುಟ್ಟಿದ ಮೇಲೆ ವಾಹನಗಳು ಚಲಿಸಿದವು. ಯಾರೂ ಹಾರನ್ ಮಾಡಲಿಲ್ಲ.

ಅದೇನೆಂದು ಅಳಿಯನು ರಾತ್ರಿ ವಿವರಿಸಿದನು. ಆ ವ್ಯವಸ್ಥೆಯ ಹೆಸರು ‘ಗ್ರೀನ್ ಮ್ಯಾನ್ ಪ್ಲಸ್’. ಅಲ್ಲಿನ ಭೂಸಾರಿಗೆ ಪ್ರಾಧಿಕಾರವು ಅದನ್ನು 2009ರಲ್ಲಿ ಪ್ರಾಯೋಗಿಕವಾಗಿ ಆರಂಭಿಸಿ, ಇಂದು ಸಾವಿರಕ್ಕೂ ಹೆಚ್ಚು ದಾಟುದಾರಿಗಳಲ್ಲಿ ಅಳವಡಿಸಿದೆ. 60 ವರ್ಷ ತುಂಬಿದ ಅಲ್ಲಿನ ನಾಗರಿಕರಿಗೂ ಕಾಯಂ ನಿವಾಸಿಗಳಿಗೂ ಬಸ್ಸು ಮತ್ತು ರೈಲಿನ ದರದಲ್ಲಿ ರಿಯಾಯಿತಿ ನೀಡುವ ಕಾರ್ಡು ಇದೆ, ಅಂಗವಿಕಲರಿಗೂ ಇದೆ. ಆ ಕಾರ್ಡನ್ನು ತಾಗಿಸಿದರೆ, ರಸ್ತೆಯ ಅಗಲಕ್ಕೆ ತಕ್ಕಂತೆ 3ರಿಂದ 13 ಸೆಕೆಂಡುಗಳವರೆಗೆ ಹಸಿರು ದೀಪದ ಅವಧಿ ಹೆಚ್ಚುತ್ತದೆ. ಇದಲ್ಲದೆ ಹಿರಿಯರು ಹೆಚ್ಚಾಗಿ ವಾಸಿಸುವ ಬಡಾವಣೆಗಳನ್ನು 2014ರಿಂದ ‘ಸಿಲ್ವರ್ ಜೋನ್’ ಎಂದು ಗುರುತಿಸುತ್ತ ಬಂದಿದ್ದಾರೆ. ಅಲ್ಲಿ ವಾಹನಗಳ ವೇಗಕ್ಕೆ ಕಡಿಮೆ ಮಿತಿಯನ್ನು ವಿಧಿಸಿದ್ದಾರೆ, ರಸ್ತೆಯನ್ನು ಕಿರಿದುಗೊಳಿಸಿದ್ದಾರೆ, ಒಂದೇ ಉಸಿರಿಗೆ ದಾಟಲಾರದವರು ನಡುವೆ ನಿಂತು ಸುಧಾರಿಸಿಕೊಳ್ಳಲು ರಸ್ತೆಯ ಮಧ್ಯದಲ್ಲಿ ತಂಗುವ ಸ್ಥಳವನ್ನೂ ನಿರ್ಮಿಸಿದ್ದಾರೆ. 2030ರ ವೇಳೆಗೆ ಆ ದೇಶದ ನಾಲ್ವರು ನಾಗರಿಕರಲ್ಲಿ ಒಬ್ಬರು 65 ವರ್ಷ ಮೀರಿದವರಾಗಿರುತ್ತಾರೆಂಬ ಸರ್ಕಾರದ ಅಂದಾಜು ಇದರ ಹಿಂದಿದೆ.

ಮರುದಿನ ಮೇಷ್ಟ್ರು ಒಬ್ಬರೇ ಹೊರಟರು. ಸಿಗ್ನಲ್ ಕಂಬದ ಬಳಿ ಬೇರೆ ಯಾರೂ ಇರಲಿಲ್ಲ. ಅಂಗಿಯ ಜೇಬಿನಲ್ಲಿ ಬೆಂಗಳೂರಿನ ಬಸ್ಸಿನ ಹಿರಿಯ ನಾಗರಿಕರ ಗುರುತಿನ ಚೀಟಿಯಿತ್ತು. ಅದನ್ನು ಹೊರತೆಗೆದು ನೋಡಿ, ಮತ್ತೆ ಒಳಗಿಟ್ಟರು. ಪ್ರವಾಸಿಯಾಗಿ ಬಂದವರಿಗೆ ಅಲ್ಲಿನ ಕಾರ್ಡು ಸಿಗುವುದಿಲ್ಲ. ಗುಂಡಿಯನ್ನೊತ್ತಿ ದಾಟಲು ಹೊರಟರೆ ದೀಪವು ಎಲ್ಲರಿಗೂ ಕೊಡುವಷ್ಟೇ ಕಾಲವನ್ನು ಕೊಡುತ್ತದೆ. ಅವರು ಒಂದು ಕ್ಷಣ ಯೋಚಿಸಿ, ಕಂಬದ ಪಕ್ಕದಲ್ಲಿಯೇ ನಿಂತರು. ಕಾಲು ಗಂಟೆ ಕಳೆದ ಮೇಲೆ ನಿನ್ನೆಯ ವೃದ್ಧೆ ಬಂದರು. ಮೇಷ್ಟ್ರನ್ನು ಗುರುತು ಹಿಡಿದು ತಲೆಯಾಡಿಸಿ, ಕಾರ್ಡನ್ನು ತಾಗಿಸಿದರು. ಭಾಷೆ ತಿಳಿಯದ ಆ ಇಬ್ಬರು ಅಂದಿನಿಂದ ಹದಿನೆಂಟು ದಿನ ಒಟ್ಟಿಗೆ ರಸ್ತೆ ದಾಟಿದರು. ಒಬ್ಬರ ಕಾಲದಲ್ಲಿ ಇಬ್ಬರೂ ನಡೆದರು.

ಅಳಿಯನು ಲೆಕ್ಕ ಬಲ್ಲವನು. ಒಂದು ರಾತ್ರಿ ಊಟದ ವೇಳೆಯಲ್ಲಿ, “ಮಾವ, ನಿಮ್ಮ ಏಳೂವರೆ ಸೆಕೆಂಡಿಗಾಗಿ 40 ವಾಹನಗಳು ನಿಂತವೆನ್ನಿ. ಒಟ್ಟು 300 ಸೆಕೆಂಡು ಆಯಿತು. ಒಬ್ಬರು ದಾಟಿದರೆ ಊರಿಗೆ ಐದು ನಿಮಿಷ ನಷ್ಟ,” ಎಂದನು. ಚೇಷ್ಟೆಗೆಂದು ಆಡಿದ ಮಾತಾದರೂ ಅದರಲ್ಲಿ ನಗರಗಳನ್ನು ಕಟ್ಟುವವರು ಎದುರಿಸಬೇಕಾದ ನಿಜವಾದ ಪ್ರಶ್ನೆಯಿತ್ತು.

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು ಉತ್ತರಿಸಿದರು. “ಕೂಡಿದ್ದು ಸರಿಯಾಗಿದೆಯಪ್ಪ. ಆದರೆ ಆ ಐದು ನಿಮಿಷವನ್ನು ಯಾರೊಬ್ಬರೂ ಪೂರ್ತಿಯಾಗಿ ಕೊಡುವುದಿಲ್ಲ. ಒಬ್ಬೊಬ್ಬರಿಗೂ ಏಳೂವರೆ ಸೆಕೆಂಡೇ ಬರುತ್ತದೆ. ಮನೆಗೆ ಹೋಗುವಷ್ಟರಲ್ಲಿ ಅದನ್ನು ಮರೆತಿರುತ್ತಾರೆ. ಕೊಡದೆ ಹೋದರೆ ಮಾತ್ರ ಆ ಕೊರತೆಯನ್ನೆಲ್ಲ ದಾಟುವವನೊಬ್ಬನೇ ಹೊರಬೇಕು. ಹಾಗೆ ಹೊತ್ತವನು ಎರಡು ವರ್ಷ ಮನೆಯಲ್ಲಿಯೇ ಕುಳಿತುಕೊಳ್ಳಬೇಕಾಗುತ್ತದೆ.” ಆಗ ಮಗಳು ತಟ್ಟೆಯಿಂದ ತಲೆಯೆತ್ತಿ ತಂದೆಯನ್ನು ನೋಡಿದಳು. ಅವರ ಬಾಯಿಂದ ಆ ವಿಷಯ ಬಂದದ್ದು ಅದೇ ಮೊದಲು.

ಯಂತ್ರವು ವೃದ್ಧನ ಕಾಲಿಗೆ ಬಲವನ್ನು ಕೊಡಲಾರದು. ವೇಗವಾಗಿ ಹೋಗಬಲ್ಲವರನ್ನು ಕೆಲವು ಕ್ಷಣ ನಿಲ್ಲಿಸುವುದಷ್ಟೇ ಅದರಿಂದ ಸಾಧ್ಯ. ಅಲ್ಲಿ ನಿಜವಾಗಿ ಕೊಡುವವರು ಕಾದು ನಿಂತ ಜನರು. ಕಾರ್ಡು, ಪೆಟ್ಟಿಗೆ, ತಂತಿಗಳೆಲ್ಲ ಆ ಕೊಡುಗೆಯನ್ನು ಅಳೆದು ತಲುಪಿಸುವ ಸಾಧನಗಳು. ಜಾಣ ನಗರವೆಂಬ ಮಾತನ್ನು ಕೇಳಿದಾಗಲೆಲ್ಲ ಈ ಭೇದವನ್ನು ನೆನಪಿನಲ್ಲಿಡುವುದು ಒಳ್ಳೆಯದು. ಕಾಯುವ ಮನಸ್ಸಿಲ್ಲದ ಊರಿನಲ್ಲಿ ಅದೇ ಪೆಟ್ಟಿಗೆಯನ್ನು ನೆಟ್ಟರೆ, ಹಸಿರು ದೀಪ ಉರಿಯುತ್ತಿರುವಾಗಲೇ ವಾಹನಗಳು ನುಗ್ಗುತ್ತವೆ.

ಸಿಂಗಪುರದ ಕ್ರಮದಲ್ಲಿ ಒಂದು ಮಿತಿಯಿದೆ ಎಂಬುದನ್ನೂ ಹೇಳಬೇಕು. ಅದು ಮೊದಲು ಕಾರ್ಡನ್ನು ಕೇಳುತ್ತದೆ, ಬಳಿಕ ಕಾಲವನ್ನು ಕೊಡುತ್ತದೆ. ಎಲ್ಲರೂ ಹೆಚ್ಚು ಕಾಲ ಬೇಡತೊಡಗಿದರೆ ರಸ್ತೆಯೇ ನಿಂತುಹೋಗುವುದರಿಂದ ಈ ಕಟ್ಟುಪಾಡಿಗೆ ಕಾರಣವಿಲ್ಲದಿಲ್ಲ. ಆದರೆ ಕಾರ್ಡನ್ನು ಮನೆಯಲ್ಲಿ ಮರೆತುಬಂದ ಅಜ್ಜಿ, ಕಾಲು ಉಳುಕಿದ ತರುಣ, ಮಗುವನ್ನೆತ್ತಿಕೊಂಡ ಬಸುರಿ, ದೂರದ ದೇಶದಿಂದ ಬಂದ ಗಣಿತದ ಮೇಷ್ಟ್ರು, ಇವರೆಲ್ಲ ಅದರ ಲೆಕ್ಕದ ಹೊರಗೆ ಉಳಿಯುತ್ತಾರೆ. ಹಿಂದೆ ಇಂಗ್ಲೆಂಡಿನಲ್ಲಿ ಕೆಲಸ ಮಾಡಿದ್ದ ಅಳಿಯನು ಅಲ್ಲಿನ ಇನ್ನೊಂದು ಕ್ರಮವನ್ನು ತಿಳಿಸಿದನು. 1990ರ ದಶಕದಿಂದ ಅಲ್ಲಿ ‘ಪಫಿನ್’ ಎಂಬ ದಾಟುದಾರಿಗಳಿವೆ. ಕಂಬದ ಮೇಲಿರುವ ಸಂವೇದಕವು ರಸ್ತೆಯನ್ನು ಗಮನಿಸುತ್ತಿರುತ್ತದೆ. ನಡೆಯುವವರು ಇನ್ನೂ ದಾಟಿ ಮುಗಿಸಿಲ್ಲವಾದರೆ ವಾಹನಗಳಿಗಿರುವ ಕೆಂಪು ದೀಪದ ಅವಧಿಯನ್ನು ಹಿಗ್ಗಿಸುತ್ತದೆ. ಗುಂಡಿಯನ್ನೊತ್ತಿದವರು ಕಾಯದೆ ಹೊರಟುಹೋಗಿದ್ದರೆ ಆ ಕರೆಯನ್ನು ತಾನೇ ರದ್ದುಗೊಳಿಸಿ ವಾಹನಗಳ ಕಾಲವನ್ನೂ ಉಳಿಸುತ್ತದೆ. ಲಂಡನ್ನಿನಲ್ಲಿ 2014ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ದಾಟಲು ಎಷ್ಟು ಮಂದಿ ಕಾದಿದ್ದಾರೆಂಬುದನ್ನು ಕ್ಯಾಮೆರಾದಿಂದ ತಿಳಿದು ಹಸಿರು ದೀಪದ ಅವಧಿಯನ್ನು ಹೊಂದಿಸುವ ಪ್ರಯೋಗವನ್ನು ಆರಂಭಿಸಿದರು. ಇಂಥ ಸಾಧನಗಳು ದಾಟುವವನು ಯಾರು, ಅವನ ವಯಸ್ಸೆಷ್ಟು, ಯಾವ ದೇಶದವನು ಎಂದು ಕೇಳುವುದಿಲ್ಲ. ರಸ್ತೆಯ ಮೇಲೆ ಮನುಷ್ಯರಿದ್ದಾರೆಂಬುದಷ್ಟನ್ನೇ ನೋಡುತ್ತವೆ. ಮೇಷ್ಟ್ರಿಗೆ ಈ ಕ್ರಮ ಹೆಚ್ಚು ಹಿಡಿಸಿತು. “ಕೇಳಿದವರಿಗೆ ಕೊಡುವುದು ಒಳ್ಳೆಯದೇ. ಕೇಳುವ ಮೊದಲೇ ಕಂಡು ಕೊಡುವುದು ಅದಕ್ಕಿಂತ ದೊಡ್ಡದು,” ಎಂದರು.

ಬೆಂಗಳೂರಿಗೆ ಮರಳಿದ ಮೇಲೆ ಅವರು ತಮ್ಮ ಊರಿನ ವಿಷಯವನ್ನು ವಿಚಾರಿಸತೊಡಗಿದರು. ಕೇಂದ್ರ ಸರ್ಕಾರವು 2015ರ ಜೂನ್ ತಿಂಗಳಲ್ಲಿ ಆರಂಭಿಸಿ 2025ರ ಮಾರ್ಚ್ ಕೊನೆಗೆ ಮುಗಿಸಿದ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ 100 ನಗರಗಳಿದ್ದವು. ದಾವಣಗೆರೆ, ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು, ಬೆಂಗಳೂರು, ಹೀಗೆ ಕರ್ನಾಟಕದವೇ ಏಳು. ಆ ನೂರು ನಗರಗಳಲ್ಲಿಯೂ ಕ್ಯಾಮೆರಾಗಳ ದೃಶ್ಯವನ್ನು ಒಂದೆಡೆ ಕುಳಿತು ನೋಡುವ ನಿಯಂತ್ರಣ ಕೇಂದ್ರಗಳು ತಲೆಯೆತ್ತಿದವು. ಬೆಂಗಳೂರಿನ ಹಲವು ವೃತ್ತಗಳಲ್ಲಿ 2024ರಿಂದ ವಾಹನಗಳ ಸಂದಣಿಗೆ ತಕ್ಕಂತೆ ದೀಪದ ಅವಧಿಯನ್ನು ತಾನೇ ಬದಲಿಸಿಕೊಳ್ಳುವ ವ್ಯವಸ್ಥೆಯೂ ಬಂದಿದೆ. ಎಂದರೆ ನೋಡುವ ಕಣ್ಣು ನಮ್ಮಲ್ಲಿಯೂ ಇದೆ. ಆ ಕಣ್ಣಿಗೆ ಯಾರನ್ನು ಎಣಿಸಲು ಕಲಿಸಬೇಕೆಂಬುದೊಂದೇ ಉಳಿದ ಪ್ರಶ್ನೆ. 2022ರೊಂದರಲ್ಲಿಯೇ ನಮ್ಮ ದೇಶದ ರಸ್ತೆಗಳಲ್ಲಿ 32,825 ಪಾದಚಾರಿಗಳು ಪ್ರಾಣ ಕಳೆದುಕೊಂಡರೆಂದು ಕೇಂದ್ರದ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಪಾದಚಾರಿಗಳಿಗೆ ಸರಿಯಾದ ಕಾಲುದಾರಿ ದೊರೆಯುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿಗೆ ಸೇರಿದ್ದೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಹೇಳಿದೆ.

ಮುನಿಗಳಿಗೆ ಹೇಳಿದ ಈರ್ಯಾಸಮಿತಿಯಂತೆ ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ, ಯಾವ ಜೀವಕ್ಕೂ ನೋವಾಗದಂತೆ ಹೆಜ್ಜೆಯಿಡುವ ಅಭ್ಯಾಸ ಮೇಷ್ಟ್ರಿಗೆ ಬಾಲ್ಯದಿಂದ ಬಂದದ್ದು. ಇರುವೆಯ ಸಾಲು ಕಂಡರೆ ನಿಲ್ಲುವವರು ಅವರು. ಅಂಥವರು ದೊಡ್ಡ ರಸ್ತೆಯಲ್ಲಿ ನೆಲವನ್ನು ನೋಡಬೇಕೋ, ದೀಪವನ್ನು ನೋಡಬೇಕೋ, ಮೇಲೆ ಬರುವ ವಾಹನವನ್ನು ನೋಡಬೇಕೋ ತಿಳಿಯದ ಸ್ಥಿತಿಯುಂಟಾಗಿದೆ.

ಆ ತಿಂಗಳು ಬಸದಿಯ ವಿಶ್ವಸ್ತ ಮಂಡಳಿಯ ಸಭೆ ಸೇರಿತು. ಹಿರಿಯರನ್ನು ಮನೆಯಿಂದ ಕರೆತರಲು ಒಂದು ವ್ಯಾನನ್ನು ಕೊಳ್ಳಬೇಕೆಂಬ ಸಲಹೆ ಬಂದಿತು; ದಾನಿಗಳೊಬ್ಬರು ಅಲ್ಲಿಯೇ ಹಣವನ್ನೂ ಘೋಷಿಸಿದರು. ಎಲ್ಲರೂ ಸಂತೋಷಪಟ್ಟರು. ಮೇಷ್ಟ್ರು ಎದ್ದು ನಿಂತು ಕೈಮುಗಿದು ಹೇಳಿದರು: “ನಡೆಯಲಾರದವರಿಗೆ ವ್ಯಾನು ಬೇಕು. ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ನಡೆಯಬಲ್ಲವರನ್ನೂ ಅದರಲ್ಲಿ ಕೂರಿಸಬೇಡಿ. ನನ್ನನ್ನು ಹೊತ್ತು ತರುವುದಕ್ಕಿಂತ, ನಾನು ನಡೆದು ಬರುವವರೆಗೆ ಕಾಯುವುದು ನನಗೆ ಮಾಡುವ ಉಪಕಾರ. ಇನ್ನೊಂದು ಮಾತು. ರಸ್ತೆಯ ದೀಪವನ್ನು ದೂರುವ ಮೊದಲು ನಮ್ಮ ಬಸದಿಯ ಬಾಗಿಲಿನಲ್ಲಿರುವ ಏಳು ಮೆಟ್ಟಿಲುಗಳನ್ನು ನೋಡೋಣ. ಹಿಡಿದುಕೊಳ್ಳಲು ಅಲ್ಲಿ ಒಂದು ಕಂಬಿಯೂ ಇಲ್ಲ.”

ಸಭೆಯಲ್ಲಿ ಸ್ವಲ್ಪ ಹೊತ್ತು ಮೌನವಿತ್ತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರೇ. ಪ್ರತಿದಿನ ಗೋಡೆಯನ್ನು ಸವರಿಕೊಂಡು ಆ ಮೆಟ್ಟಿಲುಗಳನ್ನು ಹತ್ತುತ್ತಿದ್ದರೂ ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಮೂರು ವಾರಗಳಲ್ಲಿ ಮೆಟ್ಟಿಲಿನ ಎರಡೂ ಬದಿಗೆ ಉಕ್ಕಿನ ಕಂಬಿಗಳು ಬಂದವು. ಪಕ್ಕದ ಬಾಗಿಲಿಗೆ ಇಳಿಜಾರಿನ ದಾರಿಯೂ ಆಯಿತು. ವ್ಯಾನೂ ಬಂದಿತು. ಸಿಗ್ನಲ್ಲಿನ ಕಾಲವನ್ನು 23 ಸೆಕೆಂಡಿಗೆ ಹೆಚ್ಚಿಸಬೇಕೆಂದು ಮೇಷ್ಟ್ರೇ ಬರೆದ ಮನವಿಗೆ ಬಡಾವಣೆಯ ಎಲ್ಲ ಮತಗಳ 212 ಮಂದಿ ಸಹಿ ಹಾಕಿದರು. ಅದರ ಮೊದಲ ಸಹಿ, ಅಂದು ಅವರನ್ನು ಎಬ್ಬಿಸಿದ ಹೂವಿನ ಹೆಂಗಸಿನದು.

ಮನವಿ ತಲುಪಿದೆಯೆಂಬ ಉತ್ತರ ಬಂದಿದೆ. ದೀಪದ ಕಾಲ ಇನ್ನೂ ಬದಲಾಗಿಲ್ಲ. ಆದರೆ ಮೇಷ್ಟ್ರು ಮನೆಯಲ್ಲಿ ಕುಳಿತಿಲ್ಲ. ಶಾಲೆಗೆ ಹೋಗುವ ಮುನ್ನ ಮೊಮ್ಮಗಳು ಅವರೊಡನೆ ರಸ್ತೆಯವರೆಗೆ ಬರುತ್ತಾಳೆ. ಮೊದಲ ಕೆಲವು ದಿನ ಅವಳು ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡುತ್ತಿದ್ದಳು. ಈಗ ತಾತನ ಹೆಜ್ಜೆಗೆ ಸರಿಯಾಗಿ ನಡೆಯುವುದನ್ನು ಕಲಿತಿದ್ದಾಳೆ. ಅಂಕಿ ಸೊನ್ನೆಗೆ ಬಂದಾಗ ಅವಳು ವಾಹನಗಳತ್ತ ಅಂಗೈ ಚಾಚಿ ನಿಲ್ಲುತ್ತಾಳೆ. ಕೆಲವರು ಹಾರನ್ ಮಾಡುತ್ತಾರೆ, ಹಲವರು ನಿಲ್ಲುತ್ತಾರೆ. ಮೊನ್ನೆ ಮೋಟಾರು ಸೈಕಲ್ಲಿನ ಯುವಕನೊಬ್ಬನು ತಾನು ನಿಂತದ್ದಲ್ಲದೆ, ಎಡಗೈಯನ್ನೆತ್ತಿ ಹಿಂದಿನವರನ್ನೂ ತಡೆದನು.

ನಾಲ್ಕು ಬಗೆಯ ದಾನಗಳಲ್ಲಿ ಅಭಯವೂ ಒಂದೆಂದು ಹಿರಿಯರು ಹೇಳಿದ್ದಾರೆ. ಅದನ್ನು ಕೊಡಲು ಸಿರಿವಂತರೇ ಆಗಬೇಕೆಂದಿಲ್ಲ. ದಾಟುವವರು ಆಚೆಯ ದಡ ಮುಟ್ಟುವವರೆಗೆ ಏಳೂವರೆ ಸೆಕೆಂಡು ಕಾಯುವ ಶಕ್ತಿ ವಾಹನವೇರಿದ ಪ್ರತಿಯೊಬ್ಬರಲ್ಲಿಯೂ ಇದೆ. ದೀಪದ ಕಾಲ ಎಂದಾದರೊಂದು ದಿನ ಬದಲಾಗಲಿ. ಅಲ್ಲಿಯವರೆಗೆ ಕಾಯುವುದನ್ನು ನಾವು ಕಲಿಯಬಹುದಲ್ಲವೇ?